ಕಡವು ದಾಟಿದ ಲಾರಿಗಳು

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯು ‘ವಿಂಟೇಜ್’ ಎಂಬ ಪದಕ್ಕೆ ಕಾನೂನಿನ ಅರ್ಥವನ್ನು ಕೊಟ್ಟಿತು. ಅದರಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ, ಸ್ವಂತ ಬಳಕೆಯ ದ್ವಿಚಕ್ರ ವಾಹನ ಮತ್ತು ಕಾರುಗಳು ಮಾತ್ರ ಈ ಗೌರವಕ್ಕೆ ಅರ್ಹವಾಗುತ್ತವೆ. ಬಾಡಿಗೆಗೆ ಸರಕು ಹೊತ್ತು ಬದುಕಿದ ಲಾರಿಗೆ ಆ ವ್ಯಾಖ್ಯೆಯಲ್ಲಿ ಜಾಗವಿಲ್ಲ. ಧರ್ಮಸ್ಥಳದ ವಸ್ತು ಸಂಗ್ರಹಾಲಯಕ್ಕೆ ಹೋದವರು ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬೆರಗಾಗುತ್ತಾರೆ. ಆದರೆ ಅದೇ ಕರಾವಳಿಯ ಹಂಚು, ಅಕ್ಕಿ, ಮೀನು, ಮರಳನ್ನು ಹೊತ್ತು ಊರುಗಳನ್ನು ಕಟ್ಟಿದ ಲಾರಿಗಳು ಹಾಗೆ ಸಾಲಾಗಿ ನಿಂತದ್ದನ್ನು ನೋಡುವ ಅವಕಾಶ ಇಲ್ಲವೆಂಬಷ್ಟು ಕಡಿಮೆ. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಎರಡು ಮೂರು ತಲೆಮಾರು ಲಾರಿ ನಡೆಸಿದ ಮನೆತನಗಳ ನೆನಪನ್ನು ಅರ್ಥಮಾಡಿಕೊಳ್ಳಲು ಈ ಗೈರುಹಾಜರಿಯಿಂದಲೇ ಆರಂಭಿಸಬೇಕಾಗುತ್ತದೆ. ಏಕೆಂದರೆ ಲಾರಿ ಏಕೆ ಉಳಿಯಲಿಲ್ಲ ಎಂಬ ಪ್ರಶ್ನೆಯ ಉತ್ತರದಲ್ಲಿಯೇ ಅದು ಹೇಗೆ ದುಡಿಯಿತು ಎಂಬುದರ ಚರಿತ್ರೆಯೂ ಅಡಗಿದೆ.

ಮೂರು ಸರ್ಕಾರ, ಐದು ಹೊಳೆ

ಇಂದು ಉಡುಪಿ ಜಿಲ್ಲೆಗೆ ಸೇರಿರುವ ಈ ಮೂರು ತಾಲ್ಲೂಕುಗಳ ಪೈಕಿ ಬೈಂದೂರು ಮತ್ತು ಬ್ರಹ್ಮಾವರಗಳು ತಾಲ್ಲೂಕುಗಳಾದದ್ದು 2018ರಲ್ಲಿ. ಅದಕ್ಕೆ ಮೊದಲು ಬೈಂದೂರು ಕುಂದಾಪುರಕ್ಕೂ ಬ್ರಹ್ಮಾವರ ಉಡುಪಿಗೂ ಸೇರಿದ್ದವು. ಲಾರಿಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಸಂಗತಿಯೆಂದರೆ, 1956ರ ನವೆಂಬರ್ 1ರವರೆಗೆ ಈ ಪ್ರದೇಶವು ಮೂರು ಆಡಳಿತಗಳು ಕೂಡುವ ಮೂಲೆಯಾಗಿತ್ತು. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದಲ್ಲಿ ಉಳಿದು, ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಶಿರೂರು ಕಳೆದು ಭಟ್ಕಳದ ಕಡೆಗೆ ಸಾಗಿದರೆ ಒಂದು ಗಡಿ ಎದುರಾಗುತ್ತಿತ್ತು. ಕೊಲ್ಲೂರಿನ ಆಚೆ ಅಥವಾ ಹೊಸಂಗಡಿಯ ಮೇಲೆ ಘಟ್ಟ ಹತ್ತಿದರೆ ಮೈಸೂರು ಸಂಸ್ಥಾನದ ಇನ್ನೊಂದು ಗಡಿ ಎದುರಾಗುತ್ತಿತ್ತು. ಮೋಟಾರು ತೆರಿಗೆಯನ್ನು ಆಯಾ ಪ್ರಾಂತ್ಯವೇ ವಿಧಿಸುತ್ತಿದ್ದುದರಿಂದ ಮತ್ತು 1939ರ ಮೋಟಾರು ವಾಹನ ಕಾಯ್ದೆಯ ಪರ್ಮಿಟ್ಟು, ಅಂದರೆ ಇಂಥ ಪ್ರದೇಶದಲ್ಲಿ ಮಾತ್ರ ಓಡಬಹುದೆಂಬ ಪರವಾನಗಿ, ಹೊರಗಿನ ಪ್ರದೇಶದ ಅಧಿಕಾರಿಯ ಮೇಲುರುಜು ಪಡೆಯದೆ ಅಲ್ಲಿ ಚಲಾವಣೆಯಾಗದಿದ್ದುದರಿಂದ, ಭತ್ತದ ಊರು ಕೆಲವೇ ಮೈಲಿ ದೂರದಲ್ಲಿದ್ದರೂ ಕಾಗದದ ಲೆಕ್ಕದಲ್ಲಿ ಅದು ಪರದೇಶವಾಗಿತ್ತು.

ಆಡಳಿತದ ಗಡಿಗಿಂತ ಹೊಳೆಗಳ ಗಡಿ ಇನ್ನೂ ಗಟ್ಟಿಯಾಗಿತ್ತು. ಉಡುಪಿಯಿಂದ ಬಡಗಲಿಗೆ ಹೊರಟರೆ ಸುವರ್ಣಾ, ಸೀತಾ ನದಿಗಳನ್ನು ದಾಟಿ, ಕುಂದಾಪುರದಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳು ಕೂಡಿ ಸಮುದ್ರ ಸೇರುವ ಪಂಚಗಂಗಾವಳಿಯ ಹರಹನ್ನು ಎದುರಿಸಬೇಕಿತ್ತು. ಸೇತುವೆಗಳಾಗುವ ಮೊದಲು ಸರಕಿನ ನಿಜವಾದ ಹೆದ್ದಾರಿ ಎಂದರೆ ನೀರೇ. ಬಸರೂರು ಮತ್ತು ಬಾರಕೂರು ಶತಮಾನಗಳ ಹಿಂದೆಯೇ ಅಕ್ಕಿಯ ವ್ಯಾಪಾರಕ್ಕೆ ಹೆಸರಾದದ್ದು ಹೊಳೆಬದಿಯ ಊರುಗಳಾಗಿದ್ದ ಕಾರಣದಿಂದ; ಗಂಗೊಳ್ಳಿ ಮತ್ತು ಹಂಗಾರಕಟ್ಟೆಯ ಅಳಿವೆಗಳಿಂದ ಹಂಚು ಹೊತ್ತು ಹೊರಡುತ್ತಿದ್ದದ್ದು ಮಂಜಿಗಳು, ಅಂದರೆ ಹಾಯಿ ಕಟ್ಟಿದ ದೊಡ್ಡ ಮರದ ಹಡಗುಗಳು. ಲಾರಿ ಬಂದಾಗ ಅದು ಮೊದಲು ಈ ನೀರಿನ ವ್ಯವಸ್ಥೆಗೇ ತಲೆಬಾಗಬೇಕಾಯಿತು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ತೆಪ್ಪಕ್ಕೆ ಜಂಗಲ್ ಎಂದೂ ಅದು ದಡ ಸೇರುವ ಸ್ಥಳಕ್ಕೆ ಕಡವು ಎಂದೂ ಹೆಸರು. ಭರತ ಇಳಿತಗಳನ್ನು ನೋಡಿಕೊಂಡು, ಹಲಗೆಯ ಮೇಲೆ ಚಕ್ರ ಜಾರದಂತೆ ಲಾರಿಯನ್ನು ಹತ್ತಿಸಿ, ಆಚೆ ದಡದಲ್ಲಿ ಇಳಿಸುವುದು ಚಾಲಕನ ವಿದ್ಯೆಯ ಮೊದಲ ಪಾಠವಾಗಿತ್ತು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ಕಡವಿನ ಜೊತೆಗೆ ಬಾಡಿಗೆಯೂ ನಿಲ್ಲುತ್ತಿತ್ತು.

ಪೆಟ್ರೋಲು, ಇದ್ದಿಲು, ಡಿಸ್ಪೋಸಲ್

ಕರಾವಳಿಯ ಮೋಟಾರು ಸಾರಿಗೆಯ ಕಥೆಯಲ್ಲಿ ಮೊದಲು ಬರುವ ಹೆಸರು 1914ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ಸು ಕಂಪನಿಯದು. ಜನ ಅದನ್ನು ಸಿಪಿಸಿ ಎಂದೇ ಕರೆದರು. ಈ ಕಂಪನಿಯನ್ನು ಬೆಳೆಸಿದವರಲ್ಲಿ ಪ್ರಮುಖರಾದ ವಿ.ಎಸ್. ಕುಡ್ವ ಅವರು ‘ನವಭಾರತ’ ದಿನಪತ್ರಿಕೆಗೂ, ವಾಹನಗಳ ಸ್ಪ್ರಿಂಗ್ ಪಟ್ಟಿ ತಯಾರಿಸಿದ ಕೆನರಾ ವರ್ಕ್‌ಶಾಪ್ಸ್‌ಗೂ ಕಾರಣರಾದವರು. ಬಸ್ಸಿನಿಂದ ಲಾರಿಗೆ ಇದ್ದ ದೂರ ಬಹಳವೇನಲ್ಲ. ಆ ಕಾಲದಲ್ಲಿ ಎರಡಕ್ಕೂ ಒಂದೇ ಬಗೆಯ ಚಾಸಿ, ಅಂದರೆ ಎಂಜಿನ್ನು ಮತ್ತು ಚಕ್ರಗಳನ್ನು ಹೊತ್ತ ಉಕ್ಕಿನ ಅಡಿಗಟ್ಟು, ಹಡಗಿನಲ್ಲಿ ಬರುತ್ತಿತ್ತು. ಷೆವರ್ಲೆ ತಯಾರಿಸುತ್ತಿದ್ದ ಜನರಲ್ ಮೋಟಾರ್ಸ್ 1928ರಲ್ಲಿ ಬೊಂಬಾಯಿಯಲ್ಲಿ ಜೋಡಣೆಯ ಕೆಲಸ ಆರಂಭಿಸಿ, ಫೋರ್ಡ್ ಕಂಪನಿಯೂ ಭಾರತದಲ್ಲಿ ಅದಕ್ಕೆ ತೊಡಗಿದ ಮೇಲೆ ಬಿಡಿಭಾಗ ಸಿಗುವುದು ಸುಲಭವಾಯಿತು. ಚಾಸಿಯ ಮೇಲೆ ಮರದ ಬಾಡಿ ಕಟ್ಟುತ್ತಿದ್ದವರು ಊರಿನ ಆಚಾರಿಗಳು; ಮನೆಯ ತೊಲೆ, ದೋಣಿಯ ಹಲಗೆ ಕೆತ್ತಿದ ಕೈಗಳೇ ಲಾರಿಯ ಪಕ್ಕೆಗಳನ್ನೂ ಕೂಡಿಸಿದವು. ಹೀಗಾಗಿ ಲಾರಿಯು ಮೊದಲ ದಿನದಿಂದಲೇ ಅರ್ಧ ವಿದೇಶಿ, ಅರ್ಧ ಊರಿನದ್ದು.

ಎರಡನೆಯ ಮಹಾಯುದ್ಧವು ಪೆಟ್ರೋಲಿಗೆ ಪಡಿತರ ತಂದಾಗ ಈ ವಾಹನಗಳ ಬೆನ್ನಿಗೆ ಇದ್ದಿಲಿನ ಒಲೆ ಅಂಟಿಕೊಂಡಿತು. ಗ್ಯಾಸ್ ಪ್ಲಾಂಟ್ ಎಂದು ಕರೆಯಲಾದ ಈ ಕಬ್ಬಿಣದ ಪೀಪಾಯಿಯಲ್ಲಿ ಇದ್ದಿಲನ್ನು ಕಡಿಮೆ ಗಾಳಿಯಲ್ಲಿ ಉರಿಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನಿಲವೇ ಪೆಟ್ರೋಲಿನ ಬದಲು ಎಂಜಿನ್ನಿಗೆ ಹೋಗುತ್ತಿತ್ತು. ಹೊರಡುವ ಮೊದಲು ಕ್ಲೀನರ್, ಅಂದರೆ ಚಾಲಕನ ಸಹಾಯಕ, ತಿದಿಯ ಚಕ್ರ ತಿರುಗಿಸಿ ಬೆಂಕಿ ಎಬ್ಬಿಸಬೇಕಿತ್ತು. ಅನಿಲದ ಶಕ್ತಿ ಪೆಟ್ರೋಲಿಗಿಂತ ಕಡಿಮೆಯಾದ್ದರಿಂದ ಬಯಲಿನಲ್ಲಿ ಹೇಗೋ ಸಾಗಿದ ಗಾಡಿ ಏರಿನಲ್ಲಿ ಏದುತ್ತಿತ್ತು. ಯುದ್ಧ ಮುಗಿದ ಮೇಲೆ ಸೈನ್ಯವು ಬೇಡವೆಂದು ಮಾರಿದ ಷೆವರ್ಲೆ, ಫೋರ್ಡ್, ಡಾಡ್ಜ್ ಲಾರಿಗಳು ‘ಡಿಸ್ಪೋಸಲ್’ ಎಂಬ ಹೆಸರಿನಲ್ಲಿ ದೇಶದ ಎಲ್ಲೆಡೆ ಹರಡಿದವು. ಹೊಸ ಲಾರಿ ಕೊಳ್ಳಲಾಗದ ಸಣ್ಣ ಬಂಡವಾಳದ ಕುಟುಂಬಗಳು ಈ ದಂಧೆಗೆ ಕಾಲಿಡಲು ಅವು ಬಾಗಿಲು ತೆರೆದವು. ಅಡಿಕೆ, ತೆಂಗು, ದಿನಸಿಯ ವ್ಯಾಪಾರದಲ್ಲಿದ್ದ ಮನೆಯವರು ಮೊದಲು ತಮ್ಮ ಸರಕಿಗೆಂದೇ ಒಂದು ಲಾರಿ ಇಟ್ಟುಕೊಂಡು, ಬಳಿಕ ಬೇರೆಯವರ ಸರಕನ್ನು ಬಾಡಿಗೆಗೆ ಹೊರುವುದು ಈ ದಂಧೆ ಬೆಳೆದ ಸಾಮಾನ್ಯ ಬಗೆ. 1939ರ ಕಾಯ್ದೆಯು ಮೊದಲನೆಯದನ್ನು ‘ಪ್ರೈವೇಟ್ ಕ್ಯಾರಿಯರ್’ ಎಂದೂ ಎರಡನೆಯದನ್ನು ‘ಪಬ್ಲಿಕ್ ಕ್ಯಾರಿಯರ್’ ಎಂದೂ ವಿಂಗಡಿಸಿತ್ತು. ದಶಕಗಳ ಕಾಲ ಲಾರಿಯ ಹಣೆಯ ಮೇಲೆ ಕಂಡ ಎರಡನೆಯ ಬರಹವು ಅಲಂಕಾರಕ್ಕೆ ಬರೆದದ್ದಲ್ಲ, ಅದು ಮನೆಯ ಸರಕಿನ ಗಾಡಿ ಊರಿನ ಸರಕಿನ ಗಾಡಿಯಾದುದರ ಕಾನೂನುಬದ್ಧ ಘೋಷಣೆ.

ಬೆಂಜ್ ಮತ್ತು ಲೈಲಾಂಡ್

ಭಾರತದಲ್ಲೇ ತಯಾರಿಕೆಗೆ ತೊಡಗುವ ಯೋಜನೆಯುಳ್ಳ ಕಂಪನಿಗಳಿಗೆ ಮಾತ್ರ ಅವಕಾಶವೆಂದು ಸರ್ಕಾರ 1953ರಲ್ಲಿ ನಿರ್ಧರಿಸಿದ್ದರಿಂದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಇಲ್ಲಿಂದ ಕಾಲ್ತೆಗೆದವು. ಟಾಟಾ ಸಮೂಹದ ಟೆಲ್ಕೊ ಕಂಪನಿಯು 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ 15 ವರ್ಷಗಳ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಿಂದ ಡೀಸೆಲ್ ಲಾರಿಗಳನ್ನು ಹೊರತಂದಿತು. 1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ಹುಟ್ಟಿ 1955ರಲ್ಲಿ ಹೆಸರು ಬದಲಿಸಿದ ಮದರಾಸಿನ ಅಶೋಕ್ ಲೇಲ್ಯಾಂಡ್ ಕಂಪನಿಯ ಕಾಮೆಟ್ ಲಾರಿ ಅದಕ್ಕೆ ಎದುರಾಳಿಯಾಯಿತು. ಜನರ ಬಾಯಲ್ಲಿ ನಕ್ಷತ್ರದ ಗುರುತಿನ ಟಾಟಾ ಲಾರಿ ‘ಬೆಂಜ್’ ಆಯಿತು, ಇನ್ನೊಂದು ‘ಲೈಲಾಂಡ್’ ಆಯಿತು. 1969ರಲ್ಲಿ ಒಪ್ಪಂದ ಮುಗಿದು ನಕ್ಷತ್ರದ ಜಾಗದಲ್ಲಿ ‘ಟಿ’ ಅಕ್ಷರ ಬಂದ ಮೇಲೂ ಹಳಬರ ಬಾಯಲ್ಲಿ ಅದು ಬೆಂಜ್ ಆಗಿಯೇ ಉಳಿಯಿತು. ಮುಂದೆ ಮನೆಮಾತಾದ 1210 ಎಂಬ ಸಂಖ್ಯೆಯನ್ನು ಬಿಡಿಸಿದರೆ, ಮೊದಲೆರಡು ಅಂಕೆಗಳು ಸರಕು ಸಹಿತ ಸುಮಾರು 12 ಟನ್ ಒಟ್ಟು ತೂಕವನ್ನೂ ಕೊನೆಯೆರಡು ಅಂಕೆಗಳು ಸುಮಾರು 100 ಅಶ್ವಶಕ್ತಿಯ ವರ್ಗವನ್ನೂ ಸೂಚಿಸುತ್ತವೆ.

ಹಳೆಯದನ್ನು ಎಸೆದು ಹೊಸದನ್ನು ತರುವಷ್ಟು ಹಣ ಎಲ್ಲ ಧನಿಗಳ ಕೈಯಲ್ಲಿರಲಿಲ್ಲ. (ಧನಿ ಎಂದರೆ ಒಡೆಯ, ಚಾಲಕರು ಲಾರಿ ಮಾಲೀಕರನ್ನು ಕರೆಯುವುದು ಹೀಗೆಯೇ.) ಡೀಸೆಲ್ ಅಗ್ಗವಾಗಿದ್ದ ಆ ದಿನಗಳಲ್ಲಿ, ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಡೀಸೆಲ್ ಎಂಜಿನ್ನನ್ನು ಹಳೆಯ ಪೆಟ್ರೋಲ್ ಲಾರಿಯ ಚಾಸಿಗೆ ಕೂರಿಸುವುದು ಮಧ್ಯದ ದಾರಿಯಾಗಿತ್ತು. ಅಮೆರಿಕದ ಚಾಸಿ, ಇಂಗ್ಲೆಂಡಿನ ವಿನ್ಯಾಸದ ಎಂಜಿನ್ನು, ಊರಿನ ಆಚಾರಿಯ ಬಾಡಿ, ಹಳೆಯ ಮೈಗೆ ಹೊಸ ರಬ್ಬರು ಹೊದಿಸಿದ ರೀಬಟನ್ ಟಯರು ಹೊತ್ತ ಇಂಥ ಗಾಡಿಗೆ ಯಾವ ವರ್ಷದ್ದು ಎಂದು ಕೇಳಿದರೆ ಒಂದೇ ಉತ್ತರ ಹೇಳಲಾಗದು. ಕಾನೂನು ಕೇಳುವ ‘ಮೂಲ ಸ್ವರೂಪ’ವು ದುಡಿಯುವ ಲಾರಿಗೆ ಹೊಂದದ ಮಾತಾಗುವುದು ಇಲ್ಲಿಯೇ, ಮೂಲ ಸ್ವರೂಪದಲ್ಲಿಯೇ ಉಳಿದ ಲಾರಿಯೆಂದರೆ ಘಟ್ಟ ಹತ್ತದೆ ಕೊಟ್ಟಿಗೆಯಲ್ಲಿ ಕುಳಿತ ಲಾರಿ.

ಘಟ್ಟದ ವಿದ್ಯೆ

ಕುಂದಾಪುರ ಸೀಮೆಯ ಲಾರಿಗೆ ಘಟ್ಟವೇ ಪರೀಕ್ಷೆ. ಹೊಸಂಗಡಿಯಿಂದ ಹುಲಿಕಲ್ಲಿಗೆ ಏರುವ ಬಾಳೆಬರೆ ಘಾಟಿ, ಕೊಲ್ಲೂರಿನಿಂದ ನಾಗೋಡಿಯ ಮೂಲಕ ನಿಟ್ಟೂರಿನತ್ತ ಹೋಗುವ ದಾರಿ, ತೆಂಕಲಿಗೆ 14 ತಿರುವುಗಳ ಆಗುಂಬೆ ಘಾಟಿ, ಇವು ಕರಾವಳಿಯನ್ನು ಮಲೆನಾಡಿಗೆ ಹೊಲಿದ ಎಳೆಗಳು. ಹಳೆಯ ಗೇರುಪೆಟ್ಟಿಗೆಗಳಲ್ಲಿ ಹಲ್ಲುಚಕ್ರಗಳ ವೇಗವನ್ನು ತಾನಾಗಿ ಸರಿದೂಗಿಸುವ ಏರ್ಪಾಡು ಇರಲಿಲ್ಲ. ಗೇರು ಬದಲಿಸುವಾಗ ಚಾಲಕನು ಕ್ಲಚ್ಚನ್ನು ಎರಡು ಬಾರಿ ತುಳಿದು, ನಡುವೆ ಎಂಜಿನ್ನಿನ ವೇಗವನ್ನು ಕಿವಿಯ ಅಂದಾಜಿನಿಂದಲೇ ಹೊಂದಿಸಬೇಕಿತ್ತು. ಏರಿನ ನಡುವೆ ಗೇರು ಸಿಗದಿದ್ದರೆ ಗಾಡಿ ಹಿಂದಕ್ಕೆ ಜಾರುತ್ತದೆಂಬ ಭಯಕ್ಕೆ ಕ್ಲೀನರ್ ಮರದ ಅಡೆ ಹಿಡಿದು, ಕೆಳಗೆ ಹಾರಿ ಹಿಂಚಕ್ರಕ್ಕೆ ಕೊಡಲು ಸಿದ್ಧನಾಗಿರುತ್ತಿದ್ದನು. ಕುದಿಯುವ ರೇಡಿಯೇಟರಿಗೆ, ಅಂದರೆ ಎಂಜಿನ್ನನ್ನು ತಂಪಾಗಿಸುವ ನೀರಿನ ತೊಟ್ಟಿಗೆ, ದಾರಿಬದಿಯ ಝರಿಯ ನೀರೇ ಗತಿಯಾಗಿದ್ದರಿಂದ ಯಾವ ತಿರುವಿನಲ್ಲಿ ನೀರಿದೆ ಎಂಬುದು ಚಾಲಕರ ಬಾಯಲ್ಲಿ ದಾಟಿಬಂದ ನಕ್ಷೆಯಾಗಿತ್ತು. ಯಾವ ಗೇರಿನಲ್ಲಿ ಘಟ್ಟ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ನಿಯಮಕ್ಕೆ ಕಾರಣವೂ ಸ್ಪಷ್ಟ: ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿಕೊಂಡರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಮೇಲೇರುವಾಗಿನ ಮುಖ್ಯ ಸರಕು ಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಉದ್ಯಮವು ಕುಂದಾಪುರ, ಬಾರಕೂರುಗಳ ಹೊಳೆದಡದ ಜೇಡಿಮಣ್ಣಿನವರೆಗೂ ಹಬ್ಬಿತ್ತು. ಒಂದು ಹಂಚು 2ರಿಂದ 3 ಕಿಲೋ ತೂಗುವುದರಿಂದ 5 ಟನ್ ಹೊರುವ ಲಾರಿಯಲ್ಲಿ ಸುಮಾರು 2000 ಹಂಚು ಹಿಡಿಯುತ್ತಿತ್ತು. ಅವನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಸಾಲುಗಳ ನಡುವೆ ಭತ್ತದ ಹುಲ್ಲು ತುರುಕಿ ಜೋಡಿಸುವುದು ಲೋಡು ಮಾಡುವವರ ಕೌಶಲ. ಒಣಮೀನು, ಉಪ್ಪು, ತೆಂಗಿನಕಾಯಿಗಳೂ ಇದೇ ದಾರಿ ಹಿಡಿಯುತ್ತಿದ್ದವು. ಇಳಿಯುವಾಗ ಅಕ್ಕಿ, ಬೆಲ್ಲ, ಮೆಣಸು, ಮರ ಬರುತ್ತಿದ್ದವು. ಹೀಗೆ ಮರಳುವಾಗ ಸಿಗುವ ಸರಕಿಗೆ ರಿಟರ್ನ್ ಲೋಡು ಎಂದು ಹೆಸರು. ಹೋಗುವ ಬಾಡಿಗೆ ಡೀಸೆಲ್ಲಿಗೂ ಭತ್ತೆಗೂ ಸರಿಹೋದರೆ ಮನೆಗೆ ಉಳಿಯುವ ಲಾಭವೆಲ್ಲ ಮರಳುವ ಬಾಡಿಗೆಯಲ್ಲಿಯೇ ಇರುತ್ತಿದ್ದರಿಂದ, ಶಿವಮೊಗ್ಗ, ದಾವಣಗೆರೆಗಳ ಮಂಡಿಗಳಲ್ಲಿ ನಂಬಿಕೆಯ ಪರಿಚಯಸ್ಥರನ್ನು ಇಟ್ಟುಕೊಳ್ಳುವುದು ಲಾರಿಯಷ್ಟೇ ದೊಡ್ಡ ಆಸ್ತಿಯಾಗಿತ್ತು.

ಮನೆ, ಬ್ಯಾಂಕು, ಮೇಳ

ಕುಟುಂಬದ ಲಾರಿ ವ್ಯವಹಾರವು ಮನೆಯ ಚಾವಡಿಯಲ್ಲಿಯೇ ನಡೆಯುತ್ತಿತ್ತು. ಸರಕು ಒಪ್ಪಿಸಿದ್ದಕ್ಕೆ ಕೊಡುವ ರಸೀದಿ ಬಿಲ್ಟಿ, ಒಂದೊಂದು ಪ್ರಯಾಣದ ಖರ್ಚು ವೆಚ್ಚ ಬರೆಯುವ ಹಾಳೆ ಟ್ರಿಪ್ ಶೀಟ್, ಇವೆರಡನ್ನು ತಾಳೆ ನೋಡಿದರೆ ಒಂದು ಲಾರಿ ದುಡಿಯಿತೋ ತಿಂದಿತೋ ಎಂಬುದು ತಿಳಿಯುತ್ತಿತ್ತು. ಲಾರಿಗಳ ಹಣೆಯ ಮೇಲೆ ಕೊಲ್ಲೂರು ಮೂಕಾಂಬಿಕೆ, ಆನೆಗುಡ್ಡೆಯ ಗಣಪತಿ, ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರ, ಮಂದಾರ್ತಿಯ ದುರ್ಗಾಪರಮೇಶ್ವರಿಯರ ಹೆಸರು ಇರುವುದು ವಾಡಿಕೆ; ದೂರದ ಊರಿನ ಮಂಡಿಯಲ್ಲಿ ನೋಂದಣಿ ಸಂಖ್ಯೆಗಿಂತ ಮೊದಲು ಗಾಡಿಯ ಸೀಮೆಯನ್ನು ಸಾರುತ್ತಿದ್ದದ್ದು ಈ ದೇವರ ಹೆಸರೇ. ಒಂದರಿಂದ ನಾಲ್ಕು ಲಾರಿಗೆ ಬೆಳೆಯುವ ದಾರಿಯಲ್ಲಿ ಅಂದಿನ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗೆ ಒಂದು ಅನುಕೂಲವಿತ್ತು: ಸಿಂಡಿಕೇಟ್, ಕೆನರಾ, ವಿಜಯಾ, ಕಾರ್ಪೊರೇಷನ್, ಕರ್ಣಾಟಕ ಬ್ಯಾಂಕುಗಳೆಲ್ಲ ಇಲ್ಲಿಯೇ ಹುಟ್ಟಿದವು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ಸಣ್ಣ ಸಾರಿಗೆ ವ್ಯವಹಾರವೂ ಆದ್ಯತಾ ವಲಯಕ್ಕೆ, ಅಂದರೆ ಸಾಲ ನೀಡಲೇಬೇಕಾದ ಕ್ಷೇತ್ರಗಳ ಪಟ್ಟಿಗೆ, ಸೇರಿತು. 1975ರಲ್ಲಿ ಬಂದ ನ್ಯಾಷನಲ್ ಪರ್ಮಿಟ್ ಯೋಜನೆಯಿಂದ ಒಂದೇ ಪರವಾನಗಿಯಲ್ಲಿ ಹಲವು ರಾಜ್ಯಗಳಿಗೆ ಓಡುವುದು ಸಾಧ್ಯವಾಗಿ, ಘಟ್ಟದ ಲಾರಿ ಬೊಂಬಾಯಿಯ ಲಾರಿಯಾಯಿತು.

ಈ ಸೀಮೆಯ ಲಾರಿಯ ಕೆಲಸದಲ್ಲಿ ಒಂದು ವಿಶೇಷ ಹೊರೆಯೆಂದರೆ ಯಕ್ಷಗಾನ. ಮೊದಲು ಮೇಳದ ಕಲಾವಿದರು ಕಾಲ್ನಡಿಗೆಯಲ್ಲಿ ಊರಿಂದೂರಿಗೆ ಹೋಗುತ್ತಿದ್ದರು, ವೇಷಭೂಷಣದ ಪೆಟ್ಟಿಗೆಗಳನ್ನು ಹೊರೆಯಾಳುಗಳು ತಲೆಯ ಮೇಲೆ ಹೊರುತ್ತಿದ್ದರು. ಟಿಕೆಟಿಟ್ಟು ಆಡುವ ಡೇರೆ ಮೇಳಗಳು ಬಂದ ಮೇಲೆ ಡೇರೆ, ಕುರ್ಚಿ, ರಂಗಸ್ಥಳ, ವಿದ್ಯುತ್ ಜನರೇಟರುಗಳನ್ನು ಬೆಳಗಿನ ಮಂಗಳದ ಬಳಿಕ ಬಿಚ್ಚಿ ಕಟ್ಟಿ, ಸಂಜೆಯೊಳಗೆ ಇನ್ನೊಂದು ಊರಿನ ಗದ್ದೆಯಲ್ಲಿ ನಿಲ್ಲಿಸಬೇಕಾಯಿತು. ಸಾಲಿಗ್ರಾಮ, ಅಮೃತೇಶ್ವರಿಯಂಥ ಮೇಳಗಳು ದೀಪಾವಳಿಯ ಬಳಿಕ ಹೊರಟು ಮಳೆಗಾಲದ ಹೊಸ್ತಿಲವರೆಗೆ ನಡೆಸುತ್ತಿದ್ದ ತಿರುಗಾಟವು ಲಾರಿಯಿಲ್ಲದೆ ಆಗುವಂಥದ್ದಾಗಿರಲಿಲ್ಲ. ಬಡಗುತಿಟ್ಟಿನ, ಅಂದರೆ ಯಕ್ಷಗಾನದ ಬಡಗಿನ ಶೈಲಿಯ, ಕಲೆಯು ಘಟ್ಟದ ಮೇಲಿನ ಪ್ರೇಕ್ಷಕರನ್ನು ಗಳಿಸಿದ ಕಥೆಯಲ್ಲಿ ಭಾಗವತರ ಜೊತೆಗೆ ಲಾರಿಯ ಚಾಲಕನಿಗೂ ಪಾಲಿದೆ.

ಉಪ್ಪುನೀರು ಮತ್ತು ಗುಜರಿ

ಯಾಂತ್ರಿಕ ಮೀನುಗಾರಿಕೆ ಬೆಳೆದು ಮಲ್ಪೆ, ಗಂಗೊಳ್ಳಿ ಬಂದರುಗಳಲ್ಲಿ ಮಂಜುಗಡ್ಡೆಯ ಕಾರ್ಖಾನೆಗಳು ಎದ್ದ ಮೇಲೆ ಮೀನು ಲಾರಿಯ ಯುಗ ಬಂತು. ಹಂಚಿನ ಲಾರಿ ನಿಧಾನಕ್ಕೆ ಹೋದರೆ ಲಾಭ, ಮೀನಿನ ಲಾರಿ ಬೇಗ ಮುಟ್ಟಿದರೆ ಲಾಭ. ಆದ್ದರಿಂದ ಒಂದೇ ಮನೆಯ ಚಾಲಕರಲ್ಲಿ ಎರಡು ಬಗೆಯ ಸ್ವಭಾವಗಳು ರೂಪುಗೊಂಡವು. ಕರಗಿದ ಮಂಜಿನೊಡನೆ ಸೋರುವ ಉಪ್ಪುನೀರು ಹಲಗೆಯ ಸಂದಿನಿಂದಿಳಿದು ಚಾಸಿಯನ್ನು ತಿನ್ನುತ್ತದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆಯಿರುವ ಮರವಂತೆಯ ಹೆದ್ದಾರಿಯ ಗಾಳಿಯೇ ಕಬ್ಬಿಣಕ್ಕೆ ಶತ್ರು. ಬಯಲುಸೀಮೆಯಲ್ಲಿ ದಶಕಗಟ್ಟಲೆ ನಿಲ್ಲಬಲ್ಲ ಹಳೆಯ ಲಾರಿ ಇಲ್ಲಿ ನಿಂತಲ್ಲೇ ತುಕ್ಕಾಗುವುದರಿಂದ, ನಿಲ್ಲಿಸಿಡುವುದಕ್ಕಿಂತ ಗುಜರಿಗೆ ಹಾಕುವುದೇ ಲಾಭವೆಂಬುದು ಧನಿಗಳ ಲೆಕ್ಕಾಚಾರವಾಗಿತ್ತು.

ಆ ಬಳಿಕ ಹೊಸ ಪೈಪೋಟಿಗಳು ಬಂದವು. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ವಿಆರ್‌ಎಲ್ ಹುಬ್ಬಳ್ಳಿಯಿಂದ ಬೆಳೆದು ಸಾವಿರಾರು ವಾಹನಗಳ ಕಂಪನಿಯಾಗಿ 2015ರಲ್ಲಿ ಷೇರುಪೇಟೆಗೆ ಬಂದಿತು. ಇಂಥ ಸಂಸ್ಥೆಗಳ ಶಾಖೆಗಳ ಜಾಲದ ಮುಂದೆ ನಾಲ್ಕೈದು ಲಾರಿಗಳ ಮನೆತನಕ್ಕೆ ದೂರದ ಬಾಡಿಗೆ ಕಷ್ಟವಾಗಿ, ಮುರಕಲ್ಲು ಮತ್ತು ಹೊಯ್ಗೆಯ, ಅಂದರೆ ಜಂಬಿಟ್ಟಿಗೆ ಮತ್ತು ಮರಳಿನ, ಊರೊಳಗಿನ ಬಾಡಿಗೆಯೇ ಆಸರೆಯಾಯಿತು. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಬಾರಕೂರು, ಕುಂದಾಪುರ, ಬೈಂದೂರುಗಳನ್ನು ಹಾದುಹೋಯಿತು. 1999ರ ಜನವರಿಯಲ್ಲಿ ಆ ದಾರಿಯಲ್ಲಿ ಆರಂಭವಾಗಿ ಮುಂದೆ ಸುರತ್ಕಲ್ಲಿಗೂ ಬಂದ ರೋರೋ ಸೇವೆಯಲ್ಲಿ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಒಯ್ಯಲಾಗುತ್ತದೆ. ಜಂಗಲ್ಲಿನ ಮೇಲೆ ಹೊಳೆ ದಾಟಿದ ಲಾರಿಯ ಮೊಮ್ಮಗ ರೈಲಿನ ಮೇಲೆ ಕುಳಿತು ಅದೇ ಹೊಳೆಗಳನ್ನು ದಾಟತೊಡಗಿದ.

ಹಾಗಾದರೆ ಉಳಿಸಿಕೊಳ್ಳಬೇಕಾದದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರವು ಲೋಹದಲ್ಲಿಲ್ಲ, ಕಾಗದದಲ್ಲಿದೆ. ಯಾವ ವರ್ಷ ಎಷ್ಟು ಹಂಚು ಯಾವ ಊರಿಗೆ ಹೋಯಿತು, ಕಡವಿಗೆ ಎಷ್ಟು ತೆತ್ತರು, ಯಾವ ಮಳೆಗಾಲದಲ್ಲಿ ಎಂಜಿನ್ನು ಇಳಿಸಿದರು, ಪಾಲಿನಲ್ಲಿ ಯಾವ ತಮ್ಮನಿಗೆ ಯಾವ ನಂಬರಿನ ಗಾಡಿ ಹೋಯಿತು ಎಂಬ ವಿವರಗಳು ಇರುವುದು ಬಿಲ್ಟಿ, ಟ್ರಿಪ್ ಶೀಟ್, ಪರ್ಮಿಟ್ ಪುಸ್ತಕ ಮತ್ತು ಪಾಲುಪಟ್ಟಿಗಳಲ್ಲಿ. ಅರಸರ ಶಾಸನ ಹೇಳದ, ಸರ್ಕಾರದ ಗೆಜೆಟಿಯರ್ ಗಮನಿಸದ ಆರ್ಥಿಕ ಚರಿತ್ರೆ ಇದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದು ತೆರಿಗೆಯ ಚೆಕ್‌ಪೋಸ್ಟುಗಳು ಮುಚ್ಚಿ, 2018ರಿಂದ ಇ–ವೇ ಬಿಲ್ ಎಂಬ ಗಣಕದ ರಹದಾರಿ ಜಾರಿಯಾದ ಮೇಲೆ ಇಂಥ ಕಾಗದ ಹೊಸದಾಗಿ ಹುಟ್ಟುವುದೂ ಕಡಿಮೆಯಾಗುತ್ತಿದೆ. ಹಳೆಯದು ಅಟ್ಟದ ಮೇಲೆ ಗೆದ್ದಲಿಗೆ ಕಾದಿದೆ.

ಲಾರಿಯ ಲೋಹವಾದರೋ ತನ್ನ ವ್ಯವಸ್ಥೆಯನ್ನು ತಾನೇ ಮಾಡಿಕೊಂಡಿದೆ. ಸ್ಪ್ರಿಂಗ್ ಪಟ್ಟಿಯ ಗಟ್ಟಿ ಉಕ್ಕು ಕಮ್ಮಾರನ ಕುಲುಮೆಯಲ್ಲಿ ಕಾದು ಕತ್ತಿಯಾಗಿ ತೋಟದವರ ಕೈ ಸೇರುತ್ತದೆ. ಬಾಡಿಯ ಹಲಗೆ ಹಟ್ಟಿಯ ಅಟ್ಟವಾಗುತ್ತದೆ. ಸವೆದು ರೀಬಟನ್ನಿಗೂ ಬಾರದಾದ ಟಯರುಗಳನ್ನು ಗಂಗೊಳ್ಳಿಯ ಜೆಟ್ಟಿಯಲ್ಲಿ ಬೋಟುಗಳ ಪಕ್ಕೆಗೆ ಕಟ್ಟಿ ಇಳಿಬಿಟ್ಟಿರುತ್ತಾರೆ, ದಡಕ್ಕೆ ತಾಗುವಾಗ ಮರಕ್ಕೆ ಪೆಟ್ಟಾಗದಿರಲೆಂದು. ಒಂದು ಕಾಲದಲ್ಲಿ ಇದೇ ನೀರನ್ನು ದಾಟಲು ಲಾರಿಗೆ ದೋಣಿ ಹೆಗಲು ಕೊಟ್ಟಿತ್ತು.